ಕಾರಂಜಿ ಕೆರೆಯ ನೀರು ಮತ್ತು ನಾಲ್ಕು ಸಾವಿರ ಪದಗಳು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನಜರ್‌ಬಾದಿನ ಯಾವ ಬೀದಿಗೆ ಹೋದರೂ ಒಂದೇ ಮಾತು: 'ಮುಂದೇನು?' ಸೈನ್ಸೋ, ಕಾಮರ್ಸೋ? ಯಾವ ಕಾಲೇಜು, ಎಲ್ಲಿ ಟ್ಯೂಷನ್? ಈಚೆಗೆ ಈ ಚರ್ಚೆಯ ನಡುವೆ ಇನ್ನೊಂದು ಹೆಸರೂ ಕೇಳಿಬರುತ್ತಿದೆ: ಐ.ಬಿ. ಡಿಪ್ಲೊಮಾ. ಬೆಂಗಳೂರಿನ ನೆಂಟರ ಮಗ ಅದನ್ನೇ ಓದುತ್ತಿದ್ದಾನಂತೆ, ಶುಲ್ಕ ವರ್ಷಕ್ಕೆ ಹಲವು ಲಕ್ಷವಂತೆ, ಮುಗಿಸಿದರೆ ನೇರ ವಿದೇಶಕ್ಕಂತೆ! ಈ ಅಂತೆ ಕಂತೆಗಳ ಸಂತೆಯಲ್ಲಿ ಆ ಶಿಕ್ಷಣದ ತಿರುಳೇನು ಎಂಬುದೇ ಮರೆತುಹೋಗುತ್ತದೆ.

ಐ.ಬಿ. ಎಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್. 1968ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಹುಟ್ಟಿದ ಸಂಸ್ಥೆ. ಭಾರತದಲ್ಲಿ ಇದರ ಡಿಪ್ಲೊಮಾವನ್ನು ಮೊದಲು ತಂದದ್ದು ಕೊಡೈಕನಾಲ್ ಇಂಟರ್‌ನ್ಯಾಷನಲ್ ಸ್ಕೂಲ್, 1976ರಲ್ಲಿ. ನಮ್ಮ ಪಿ.ಯು.ಸಿ.ಯಂತೆ ಇದೂ ಎರಡು ವರ್ಷದ ವ್ಯಾಸಂಗ. ಓದಬೇಕಾದ ವಿಷಯಗಳು ಆರು. ವಿಜ್ಞಾನ ಪ್ರಿಯರಾದರೂ ಸಾಹಿತ್ಯ, ಇನ್ನೊಂದು ಭಾಷೆ, ಸಮಾಜ ವಿಷಯ, ಗಣಿತ ಬಿಡುವಂತಿಲ್ಲ. ಸಾಮಾನ್ಯವಾಗಿ ಮೂರನ್ನು 240 ಗಂಟೆಗಳ ಉನ್ನತ ಮಟ್ಟದಲ್ಲಿ, ಮೂರನ್ನು 150 ಗಂಟೆಗಳ ಸಾಧಾರಣ ಮಟ್ಟದಲ್ಲಿ ಕಲಿಯಬೇಕು. ಒಂದೊಂದಕ್ಕೆ 7 ಅಂಕ, ಒಟ್ಟು 42. ಉಳಿದ 3 ಅಂಕಗಳು ಎರಡು ವಿಶೇಷ ಕೆಲಸಗಳಿಗೆ ಮೀಸಲು. ಒಂದು, 'ನಮಗೆ ತಿಳಿದಿರುವುದು ನಿಜವೆಂದು ಹೇಗೆ ಗೊತ್ತು?' ಎಂದು ವಿಚಾರಿಸುವ ಜ್ಞಾನಮೀಮಾಂಸೆಯ ಪಾಠ. ಇನ್ನೊಂದು, ವಿದ್ಯಾರ್ಥಿಯೇ ಪ್ರಶ್ನೆ ಆರಿಸಿ, ಹುಡುಕಿ, 4000 ಪದಗಳ ಮಿತಿಯಲ್ಲಿ ಬರೆಯುವ ದೀರ್ಘ ಪ್ರಬಂಧ. ಆಟ, ಕಲೆ, ಸಮಾಜಸೇವೆಗೆ ಅಂಕವಿಲ್ಲ. ಆದರೆ ಅವನ್ನು ಪೂರೈಸದಿದ್ದರೆ ಡಿಪ್ಲೊಮಾವೂ ಇಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಸಿಗುವ ಲಾಭವೇನು? ದೂರ ಹೋಗಬೇಕಿಲ್ಲ, ನಜರ್‌ಬಾದಿನ ಪಕ್ಕದ ಕಾರಂಜಿ ಕೆರೆಯನ್ನೇ ತೆಗೆದುಕೊಳ್ಳೋಣ.

ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಅಷ್ಟೆ. ಹಾಗಾದರೆ ಕೆರೆಯ ನೀರಿನಲ್ಲಿ ಬೆಳಗಿನ ಜಾವಕ್ಕಿಂತ ಮಧ್ಯಾಹ್ನ ಆಮ್ಲಜನಕ ಕಡಿಮೆ ಇರಬೇಕಲ್ಲವೆ? ಪಾಚಿ ತುಂಬಿದ ಕೆರೆಯಲ್ಲಿ ಅಳೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಇದಕ್ಕೆ ವಿರುದ್ಧ! ಮಧ್ಯಾಹ್ನವೇ ಹೆಚ್ಚು.

ಪುಸ್ತಕ ಸುಳ್ಳೆ? ಅಳತೆ ತಪ್ಪೆ? ಎರಡೂ ಅಲ್ಲ. ಹಗಲಿನಲ್ಲಿ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ಆಮ್ಲಜನಕ ಬಿಡುತ್ತದೆ. ರಾತ್ರಿ ಎಲ್ಲ ಜೀವಿಗಳೂ ಉಸಿರಾಡಿ ಅದನ್ನು ಖರ್ಚು ಮಾಡುತ್ತವೆ. ಇದನ್ನು ತೋರಿಸಿಕೊಡುವುದು ಹೇಗೆ? ಒಂದೇ ನೀರನ್ನು ಎರಡು ಸೀಸೆಗಳಲ್ಲಿ ತುಂಬಿ, ಒಂದಕ್ಕೆ ಕಪ್ಪು ಬಟ್ಟೆ ಸುತ್ತಿ, ಎರಡನ್ನೂ ಕೆಲವು ಗಂಟೆ ಬಿಸಿಲಿರುವ ನೀರಿನಲ್ಲಿ ಇಳಿಬಿಟ್ಟು, ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಳೆಯಬೇಕು. ತೆರೆದ ಸೀಸೆಯಲ್ಲಿ ಏರಿಕೆ, ಮುಚ್ಚಿದ್ದರಲ್ಲಿ ಇಳಿಕೆ ಕಂಡರೆ ಉತ್ತರ ಸಿಕ್ಕಂತೆ.

ದೀರ್ಘ ಪ್ರಬಂಧಕ್ಕೆ ಬೇಕಾದದ್ದು ಇಂಥ ಪ್ರಶ್ನೆಯೇ. ಗೈಡಿನಲ್ಲಿ ಸಿದ್ಧ ಉತ್ತರವಿಲ್ಲ. ಅಳತೆ ಕೆಟ್ಟರೆ ಮತ್ತೆ ಅಳೆಯಬೇಕು, ಊಹೆ ತಪ್ಪಾದರೆ ತಪ್ಪೆಂದು ಬರೆಯಬೇಕು, ಯಾರ ಮಾತು ಯಾರದೆಂದು ಹೇಳಬೇಕು. ಹದಿನೇಳರ ವಯಸ್ಸಿನಲ್ಲಿ ಇದನ್ನು ಒಮ್ಮೆ ಮಾಡಿದವರು ಕಾಲೇಜಿನಲ್ಲಿ ಪ್ರಾಜೆಕ್ಟ್ ಎಂದರೆ ಬೆದರುವುದಿಲ್ಲ, ಕಂಡದ್ದನ್ನೆಲ್ಲ ನಕಲು ಮಾಡುವುದೂ ಇಲ್ಲ. ನಿಜವಾದ ಲಾಭ ಇದು. ವಿದೇಶದ ಸೀಟು ಆಮೇಲಿನ ಮಾತು.

ಆದರೆ ಪಾಲಕರು ಲೆಕ್ಕ ಹಾಕಬೇಕಾದ ಸಂಗತಿಗಳೂ ಇವೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಈ ಡಿಪ್ಲೊಮಾವನ್ನು 12ನೇ ತರಗತಿಗೆ ಸಮಾನವೆಂದು ಮಾನ್ಯ ಮಾಡಿದೆ, ನಿಜ. ಆದರೆ ಡಾಕ್ಟರಾಗಬೇಕೆನ್ನುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಬೇಕು. ಐ.ಬಿ.ಯ ಸಾಮಾನ್ಯ ಚೌಕಟ್ಟಿನಲ್ಲಿ ಎರಡು ವಿಜ್ಞಾನಗಳಿಗಷ್ಟೇ ಜಾಗ. ಮೂರಕ್ಕೆ ವಿಶೇಷ ಅನುಮತಿ ಪಡೆಯಬೇಕಾಗುತ್ತದೆ. ಸೇರುವ ಮೊದಲೇ ಇದನ್ನು ಶಾಲೆಯಲ್ಲಿ ವಿಚಾರಿಸಿ. ಮೇ ತಿಂಗಳಲ್ಲಿ ಪರೀಕ್ಷೆ ಬರೆದವರಿಗೆ ಫಲಿತಾಂಶ ಬರುವುದು ಜುಲೈ ಮೊದಲ ವಾರ; ನೀಟ್, ಸಿ.ಇ.ಟಿ. ಓದು ಅದೇ ದಿನಗಳ ಮೇಲೆ ಬಂದು ಬೀಳುತ್ತದೆ. ಇನ್ನು ಶುಲ್ಕ: ಸಾಲ ಮಾಡಿ, ಇದ್ದ ಸೈಟು ಮಾರಿ ಸೇರಿಸಬೇಕಾದ ಶಿಕ್ಷಣ ಇದಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಹಾಗಾದರೆ ಪಿ.ಯು.ಸಿ. ಸೇರುವ ಮಕ್ಕಳಿಗೆ ಈ ಭಾಗ್ಯವಿಲ್ಲವೆ? ಖಂಡಿತ ಇದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ ಮಾಡಿಸಿದ್ದು ಇದೇ ಕೆಲಸವನ್ನು: ತಮ್ಮೂರಿನ ಒಂದು ಸಮಸ್ಯೆ ಹಿಡಿದು, ಅಳೆದು, ವರದಿ ಬರೆಯುವುದು. ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಅದನ್ನು ಹಳ್ಳಿಯ ಶಾಲೆಗಳವರೆಗೂ ಒಯ್ದಿತು.

ಎರಡು ಸೀಸೆ, ಒಂದು ತುಂಡು ಕಪ್ಪು ಬಟ್ಟೆ, ಕಾಲೇಜಿನ ಬ್ಯೂರೆಟ್, ನಾಲ್ಕಾರು ರಾಸಾಯನಿಕ, ಕೆರೆಯ ನೀರು ತೆಗೆಯಲು ಸಂಬಂಧಪಟ್ಟವರ ಅನುಮತಿ, ಜೊತೆಗೆ ನಿಲ್ಲುವ ಒಬ್ಬ ಮೇಷ್ಟ್ರು. ಇವುಗಳಿಗೆ ಲಕ್ಷಗಳು ಬೇಕಿಲ್ಲ. ಬೇಕಾದದ್ದು ಬಿಡುವು. ಭಾನುವಾರವೂ ಟ್ಯೂಷನ್ನಿಗೆ ಅಟ್ಟುವ ಪಾಲಕರು ತಿಂಗಳಿಗೊಂದು ಭಾನುವಾರವನ್ನಾದರೂ ಮಗುವಿನ ಪ್ರಶ್ನೆಗೆ ಬಿಟ್ಟುಕೊಟ್ಟರೆ, ಆ ದುಬಾರಿ ಡಿಪ್ಲೊಮಾದ ಅತ್ಯುತ್ತಮ ಪಾಠ ನಜರ್‌ಬಾದಿನಲ್ಲೇ ಶುರುವಾಗಬಲ್ಲದು.