ಮಾತ್ರೆ ತಗಂಡ್ಯಾ?

ನಮ್ಮ ಹಾಸ್ಟೆಲ್‌ನಲ್ಲಿ ಸುಮ್ಮನೆ ಕೂತವನು 'ಮೆಂಟಲ್', ಜಾಸ್ತಿ ಓದಿದವನು 'ಸೈಕೋ', ಬೆಳಗ್ಗೆ ಒಂಥರ ಸಂಜೆ ಒಂಥರ ಇದ್ದವನು 'ಸ್ಕಿಜೋ'. ಈ ಕಾಯಿಲೆ ಬಹುಪಾಲು ಶುರುವಾಗೋದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನೊಳಗೆ, ಅಂದ್ರೆ ನಮ್ಮದೇ ವಯಸ್ಸಿನಲ್ಲಿ. ಸರಿಸುಮಾರು ನೂರಕ್ಕೆ ಒಬ್ಬರಿಗೆ ಜೀವನದಲ್ಲಿ ಬರಬಹುದಾದ ಕಾಯಿಲೆ. ನಮ್ಮ ಬ್ಯಾಚ್ ಎಷ್ಟು ದೊಡ್ಡದು ಅಂತ ನೀವೇ ಲೆಕ್ಕ ಹಾಕಿ.

ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ಮತ್ತು ಮೆಡಿಕಲ್ ಕಾಲೇಜು. ಅದೇ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಹಳ್ಳಿಗಳಿಂದ ನೋಡಿದ್ರೆ ಮನೋವೈದ್ಯರು ಅಂದ್ರೆ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತುವ ಕೆಲಸ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗಂತೂ ಶಿವಮೊಗ್ಗವೇ ಹತ್ತಿರ. (ಶಕ್ತಿ ಯೋಜನೆ ಬಂದ ಮೇಲೆ ತಾಯಿಗೆ ಟಿಕೆಟ್ ಇಲ್ಲ, ಕಾಯಿಲೆಯ ಮಗನಿಗೆ ಇದೆ!) ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು ಮಾಡಿದ್ದು ಅದಕ್ಕೇ ಮುಖ್ಯ. ಪಕ್ಕದ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವ ಹಳ್ಳಿಯ ಜನರನ್ನು ಹುಡುಕಿ, ಚಿಕಿತ್ಸೆ ಕೊಟ್ಟು, ವರ್ಷದ ನಂತರ ಮತ್ತೆ ನೋಡಿದರು. ಔಷಧಿ ತಗೊಂಡವರ ದಿನನಿತ್ಯದ ಕೆಲಸಕಾರ್ಯ ಸುಧಾರಿಸಿತ್ತು, ತಗೊಳ್ಳದವರದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, 65 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಅದನ್ನೇ ಹೇಳುತ್ತೆ: ಔಷಧಿ ಮುಂದುವರಿಸಿದವರಲ್ಲಿ ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಶೇ. 27 ಜನರಿಗೆ, ಬಿಟ್ಟವರಲ್ಲಿ ಶೇ. 64.

ಹಾಗಾದ್ರೆ ಯಾಕೆ ಬಿಡ್ತಾರೆ? 'ತಿಳುವಳಿಕೆ ಇಲ್ಲ' ಅಂತ ಹೇಳಿಬಿಡೋದು ಸುಲಭ. ನನಗೆ ಅದು ಅರ್ಧ ಉತ್ತರ ಅನ್ಸುತ್ತೆ.

ಈ ಮಾತ್ರೆಗಳು ಮುಖ್ಯವಾಗಿ ಮೆದುಳಿನಲ್ಲಿ ಡೋಪಮಿನ್‌ನ ಸಂಕೇತವನ್ನು ತಗ್ಗಿಸುತ್ತವೆ. ಕಿವಿಯಲ್ಲಿ ಬೈಯುವ ದನಿಗಳು ಕೆಲವು ವಾರಗಳಲ್ಲಿ ಸಣ್ಣದಾಗುತ್ತವೆ. ಎಷ್ಟೋ ಜನಕ್ಕೆ ಪೂರ್ತಿ ನಿಲ್ಲುತ್ತವೆ. ರಾತ್ರಿ ನಿದ್ದೆ ಬರುತ್ತೆ, ಅಮ್ಮ ಕೊಟ್ಟ ಅನ್ನದಲ್ಲಿ ವಿಷ ಇಲ್ಲ ಅನ್ಸುತ್ತೆ. ಅದು ಸಣ್ಣ ಮಾತಲ್ಲ. ಆದರೆ ಅದೇ ಡೋಪಮಿನ್ ಕೈಕಾಲಿನ ಚಲನೆಗೂ ಬೇಕು. ಚನ್ನಗಿರಿ ಕಡೆ ಅಡಿಕೆ ಸುಲಿಯೋರಿಗೆ ಕತ್ತಿಯ ಮುಂದೆ ಕೈ ನಡುಗಿದ್ರೆ ಏನಾಗುತ್ತೆ? ಬೆಳಗಿನ ಜಾವದ ಮಂಪರಿನಲ್ಲಿ ಮರ ಹತ್ತೋಕಾಗುತ್ತಾ? ಕ್ಲೋರ್‌ಪ್ರೊಮಜಿನ್ ತಗೊಳ್ಳೋರಿಗೆ ಬಿಸಿಲಿಗೆ ಚರ್ಮ ಬೇಗ ಸುಡುತ್ತೆ. ಜಗಳೂರಿನ ಮೆಕ್ಕೆಜೋಳದ ಹೊಲದಲ್ಲಿ ನೆರಳು ಎಲ್ಲಿಂದ ತರೋದು? ಒಲಾಂಜಪಿನ್ ತಗೊಂಡ್ರೆ ಹಸಿವು, ತೂಕ ಎರಡೂ ಏರಬಹುದು. ರಿಸ್ಪೆರಿಡೋನ್‌ನಿಂದ ಕೆಲವು ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತೆ. ಇದನ್ನ ಅವರು ಡಾಕ್ಟರ ಮುಂದೆ, ಅದೂ ಅಣ್ಣನೋ ಅಪ್ಪನೋ ಪಕ್ಕದಲ್ಲಿ ನಿಂತಿರುವಾಗ ಹೇಗೆ ಹೇಳ್ತಾರೆ? ಹೇಳಲ್ಲ. ಮನೆಗೆ ಬಂದು ಮಾತ್ರೆ ಬಿಡ್ತಾರೆ.

ಕಂಟ್ರೋಲ್ ಸಿಸ್ಟಮ್ಸ್ ಪಾಸಾದವರಿಗೆ ಇದು ಅರ್ಥ ಆಗ್ಬೇಕು. ಔಟ್‌ಪುಟ್ ನೋಡದೆ ಇನ್‌ಪುಟ್ ಕೊಡ್ತಾ ಹೋಗೋದು ಓಪನ್ ಲೂಪ್. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ದಿನಾ ನುಂಗೋಕೆ ಆಗದವರಿಗೆ ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಆದರೆ ನುಂಗುವವರು ಹೇಳಿದ್ದನ್ನ ಕೇಳಿಸಿಕೊಂಡ್ರೆ ತಾನೇ!

ಇನ್ನೊಂದು ಭಾರ ಮನೆಯೊಳಗಿನದು. ನನ್ನ ದೂರದ ಸಂಬಂಧಿಯೊಬ್ಬರು ಹತ್ತಾರು ವರ್ಷದಿಂದ ಮಾತ್ರೆ ತಗೊಂಡು ಅಂಗಡಿ ನಡೆಸ್ತಾರೆ. ಆಸ್ತಿ ಪಾಲಿನ ಮಾತು ಬಂದು ಅವರು ದನಿ ಏರಿಸಿದ್ರೆ ಸಾಕು, ಮನೆಯವರ ಪ್ರಶ್ನೆ ಒಂದೇ: 'ಮಾತ್ರೆ ತಗಂಡ್ಯಾ?' ಅವರ ಸಿಟ್ಟು ನ್ಯಾಯದ್ದೇ ಇರಬಹುದು, ಆದ್ರೆ ಅದು ಕಾಯಿಲೆಯ ಲೆಕ್ಕಕ್ಕೆ ಹೋಯ್ತು. 'ಧ್ವನಿ ನಿಂತೈತಪ್ಪಾ, ನನ್ನ ಮಾತೂ ನಿಂತಂಗಾಗೈತೆ' ಅಂದಿದ್ರು ನನ್ನ ಹತ್ರ. ಮದುವೆಮನೆಗೆ ಹೋದಾಗ ಅವರ ಮಾತ್ರೆಗೆ ಬಿಪಿ ಮಾತ್ರೆ ಅಂತ ಹೆಸರು.

ನಮ್ಮಲ್ಲಿ ಕೆಲವರು ಜಾನ್ ನ್ಯಾಶ್ ಹೆಸರು ತೆಗೀತಾರೆ, ಗೇಮ್ ಥಿಯರಿಯ ನ್ಯಾಶ್. 'ಎ ಬ್ಯೂಟಿಫುಲ್ ಮೈಂಡ್' ಸಿನಿಮಾದ ನ್ಯಾಶ್ ಹೊಸ ಔಷಧಿ ತಗೋತೀನಿ ಅಂತಾನೆ. ನಿಜವಾದ ನ್ಯಾಶ್ 1970ರ ನಂತರ ಔಷಧಿ ತಗೊಳ್ಳಲೇ ಇಲ್ಲ, ಆದರೂ ಚೇತರಿಸಿಕೊಂಡರು. ನಿಜ. ಆದರೆ ಮೇಲಿನ ಶೇ. 64 ಕೂಡ ನಿಜ. ಒಬ್ಬ ನ್ಯಾಶ್‌ನನ್ನು ತೋರಿಸಿ ಯಾರಿಗೂ 'ಬಿಟ್ಬಿಡು ಮಾರಾಯ, ವಿಲ್‌ಪವರ್ ಸಾಕು' ಅನ್ನಬೇಡಿ. ಕಡಿಮೆ ಮಾಡೋದಾದ್ರೂ ಅದು ಡಾಕ್ಟರ ಜೊತೆ ಕೂತು, ನಿಧಾನಕ್ಕೆ ಆಗುವ ಕೆಲಸ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದಕ್ಕೆ ದಾರಿ ಇಟ್ಟಿದೆ. ನನಗೆ ಮುಂದೆ ಕಾಯಿಲೆ ಜೋರಾದ್ರೆ ಯಾವ ಥರದ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಅಂತ ಚೆನ್ನಾಗಿರುವಾಗಲೇ ಬರೆದಿಡುವ ಹಕ್ಕು ಅದರಲ್ಲಿದೆ. ನಮ್ಮ ಕಡೆ ಜಮೀನಿನ ಪತ್ರ ಮಾಡಿಸೋಕೆ ತಾಲ್ಲೂಕು ಆಫೀಸು ಸುತ್ತುವವರು ಇದನ್ನ ಕೇಳಿಯೇ ಇಲ್ಲ.

ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮತ್ತೆ, ರೂಮ್‌ಮೇಟ್ ಬ್ಯಾಗಿನಲ್ಲಿ ಮಾತ್ರೆಯ ಶೀಟ್ ಕಂಡ್ರೆ ಅದರ ಹೆಸರು ಗೂಗಲ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ಊಟಕ್ಕೆ ಹೋಗುವಾಗ ಅವನನ್ನೂ ಕರೀರಿ.