ಬಾಡಿಗೆ ಬೈಯುವವರೇ, ನಲ್ಲಿ ನೀರು ನೋಡಿ



ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಕಣ್ಣಿನ ರೆಟಿನಾಕ್ಕೆ ಇಳಿದು, ಗಾಯ ಮಾಡಿ, ನೋಟವನ್ನೇ ನುಂಗುತ್ತೆ. ಇದು ಬಾಡು ತಿನ್ನೋರ ರೋಗ ಅಂತ ಮೂಗು ಮುರಿಯೋ ಮಡಿವಂತರೇ, ಕೇಳಿ. 2004-05ರಲ್ಲಿ ಕೊಯಮತ್ತೂರಿನಲ್ಲಿ ಇದು ಎದ್ದಾಗ ಅರವಿಂದ ಕಣ್ಣಾಸ್ಪತ್ರೆಯಲ್ಲಿ ಸಿಕ್ಕವರು 248 ಜನ. ವೈದ್ಯರ ಗುಮಾನಿ ಹೋದದ್ದು ನಗರದ ನೀರಿನ ಮೇಲೆ! ಆ ನೀರನ್ನ ಬಾಡು ಮುಟ್ಟದವರೂ ಕುಡಿಯುತ್ತಾರಲ್ಲ?

ಅರೆಬೆಂದ ಬಾಡಿನಿಂದ ಬರೋದೂ ನಿಜ; ಚೆನ್ನಾಗಿ ಬೇಯಿಸಿದರೆ ಆಯ್ತು. ಆದರೆ ಬೆಕ್ಕಿನ ಹೇಲಿನಿಂದ ನೀರಿಗೆ ಸೇರಿದ ಅದರ ಮೊಟ್ಟೆ ಬ್ಲೀಚಿಂಗ್ ಪೌಡರಿಗೆ ಸಾಯಲ್ಲ, ನೀರು ಕುದಿಸಲೇಬೇಕು. ಹಾಸ್ಟೆಲಿನಲ್ಲಿ ಕುದಿಸೋರು ಯಾರು?

ಹುಡುಗರೇ, ತಟ್ಟೆ ಮುಚ್ಚಿಟ್ಟುಕೊಂಡು ಉಣ್ಣಬೇಡಿ. ಮುಚ್ಚಬೇಕಾದ್ದು ಟ್ಯಾಂಕು. ಕಣ್ಣ ಮುಂದೆ ಚುಕ್ಕಿ ತೇಲಿದರೆ, ಮಂಜಾದರೆ, ಮೆಗ್ಗಾನ್ ಆಸ್ಪತ್ರೆಗೆ ಹೋಗಿ ರೆಟಿನಾ ನೋಡಿ ಅಂತ ಹಠ ಹಿಡೀರಿ. ಇವತ್ತೇ ಟ್ಯಾಂಕು ಹತ್ತಿ ನೋಡಿ: ಮುಚ್ಚಳ ಇದೆಯಾ?