ಪೊದೆಗೆ ಬರುವ ನೆಂಟ
ಸೆಪ್ಟೆಂಬರ್ ತಿಂಗಳಲ್ಲಿ ಊರಂಚಿನ ಪೊದೆಗಳಿಂದ ಕರ್ಕಶವಾದ ಕೂಗೊಂದು ಕೇಳಿಬಂದರೆ ಕಂದು ಕಳಿಂಗ ಹಕ್ಕಿ ಬಂದಿತೆಂದು ತಿಳಿಯಬಹುದು. ತೂಕ ಸುಮಾರು 30 ಗ್ರಾಂ; ತವರು ಸೈಬೀರಿಯ, ಮಂಗೋಲಿಯಗಳ ಕಡೆ. ಬೇಟೆಯನ್ನು ಮುಳ್ಳಿಗೆ ಸಿಕ್ಕಿಸಿಡುವ ಈ ಕುಲಕ್ಕೆ ಲ್ಯಾಟಿನ್ನಿನಲ್ಲಿ ‘ಕಟುಕ’ನೆಂಬ ಹೆಸರೇ ಅಂಟಿದೆ. ಆದರೆ ನನಗೆ ಸೋಜಿಗವೆನಿಸುವುದು ಬೇರೆ. ಸಾವಿರಾರು ಮೈಲಿ ಹಾರಿ, ಹಿಂದಿನ ವರ್ಷ ಚಳಿಗಾಲ ಕಳೆದ ಪೊದೆಗೇ ಅದು ಮರಳುವುದುಂಟು. ಬಂದ ಹೊಸದರಲ್ಲಿ ಎಲ್ಲೆಗಾಗಿ ಜಗಳ; ಎಲ್ಲೆ ಗೊತ್ತಾದ ಮೇಲೆ ಬಹುಮಟ್ಟಿಗೆ ಮೌನ.

ನಮ್ಮ ಬೀದಿಯ ಕೊನೆಯ ನಿವೇಶನದಲ್ಲಿದ್ದ ಲಂಟಾನ ಪೊದೆಯನ್ನು ಈ ಬೇಸಿಗೆಯಲ್ಲಿ ಸವರಿದರು. ಮೊನ್ನೆ ಕೂಗು ಕೇಳಿ ಹೊರಬಂದೆ. ಹಳೆಯ ನೆಂಟನೋ, ಹೊಸಬನೋ, ತಂತಿಯ ಮೇಲೆ ಕುಳಿತು ಕಾಂಪೌಂಡು ಗೋಡೆಯನ್ನು ನೋಡುತ್ತಿದ್ದನು.